ಪೈಪಿನ ಬಣ್ಣ ನೋಡಿದರೆ ಒಳಗಿನ ಅಪಾಯ ಗೊತ್ತಾಗುತ್ತದೆಯೇ?

"ಹಸಿರು ಪೈಪ್ ಎಂದರೆ ನೀರು, ಹಳದಿ ಎಂದರೆ ಗ್ಯಾಸ್. ಇಷ್ಟು ಗೊತ್ತಿದ್ದರೆ ಕಾರ್ಖಾನೆಯಲ್ಲಿ ನೀವು ಸೇಫ್." ಇಂಥ ಮೆಸೇಜ್ ಬಂದರೆ ಅದನ್ನು ಅರ್ಧಸತ್ಯ ಎಂದೇ ತಿಳಿಯಿರಿ.

ಬಣ್ಣ ಏನು ಹೇಳುತ್ತದೆ?

ಭಾರತದ ಐಎಸ್ 2379 ಮಾನದಂಡದ ಪ್ರಕಾರ ನೀರಿಗೆ ಸಮುದ್ರ ಹಸಿರು, ಗಾಳಿಗೆ ಆಕಾಶ ನೀಲಿ, ಅನಿಲಗಳಿಗೆ ಕ್ಯಾನರಿ ಹಳದಿ, ಆಮ್ಲಗಳಿಗೆ ಕಡುನೇರಳೆ. ಮೇಲೆ ಬಳಿಯುವ ಬಣ್ಣದ ಪಟ್ಟಿಗಳು ಇನ್ನಷ್ಟು ವಿವರ ಕೊಡುತ್ತವೆ. ಆದರೆ ಇವನ್ನೆಲ್ಲ ನೆನಪಿಡುವುದು ಹೊಸ ಗುತ್ತಿಗೆ ಕಾರ್ಮಿಕರಿಗಾಗಲಿ, ಟ್ಯಾಂಕರ್ ಚಾಲಕರಿಗಾಗಲಿ ಸುಲಭವಲ್ಲ. ಬಣ್ಣ ಮಾಸುತ್ತದೆ. ದೇಶದಿಂದ ದೇಶಕ್ಕೆ ಅರ್ಥವೂ ಬದಲಾಗುತ್ತದೆ: ಅಮೆರಿಕದಲ್ಲಿ ಹಳದಿ ಮುಖ್ಯವಾಗಿ ಬೆಂಕಿ ಹತ್ತುವ ವಸ್ತುಗಳ ಸೂಚನೆ.

ಗುರುತು ಇಲ್ಲದಿದ್ದರೆ ಏನಾಗುತ್ತದೆ?

2016ರ ಅಕ್ಟೋಬರ್ 21ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಅಚಿಸನ್‌ನಲ್ಲಿ ಟ್ಯಾಂಕರ್‌ನ ಸಲ್ಫ್ಯೂರಿಕ್ ಆಮ್ಲವನ್ನು ತಪ್ಪಾಗಿ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ಪೈಪಿಗೆ ಜೋಡಿಸಲಾಯಿತು. ಎರಡೂ ಪೈಪುಗಳ ಬಾಯಿ ಒಂದೇ ತರಹ ಕಾಣುತ್ತಿದ್ದವು, ನಡುವಿನ ಅಂತರ ಸುಮಾರು ಒಂದೂವರೆ ಅಡಿ. ಸ್ಪಷ್ಟ ಗುರುತು ಇರಲಿಲ್ಲ, ಬ್ಲೀಚ್ ಪೈಪಿಗೆ ಬೀಗವೂ ಹಾಕಿರಲಿಲ್ಲ. ಎರಡೂ ಬೆರೆತು ಕ್ಲೋರಿನ್ ಇರುವ ವಿಷಾನಿಲ ಊರಿನ ಮೇಲೆ ಹರಡಿತು. 140ಕ್ಕೂ ಹೆಚ್ಚು ಜನ ಚಿಕಿತ್ಸೆಗೆ ಹೋದರು. ಸುಮಾರು 11,000 ಮಂದಿಗೆ ಮನೆಯೊಳಗೇ ಇರಲು ಅಥವಾ ಜಾಗ ಖಾಲಿ ಮಾಡಲು ಸೂಚಿಸಲಾಯಿತು.

ಒಳ್ಳೆಯ ಲೇಬಲ್‌ನಲ್ಲಿ ಏನಿರಬೇಕು?

• ವಸ್ತುವಿನ ಪೂರ್ತಿ ಹೆಸರು, ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ. ಬರೀ "ಆಸಿಡ್" ಎಂದರೆ ಸಾಲದು.
• ಅಪಾಯದ ಚಿಹ್ನೆ. ವಿಶ್ವಸಂಸ್ಥೆಯ ಜಿಎಚ್‌ಎಸ್ ಪದ್ಧತಿಯಲ್ಲಿ ಕೆಂಪು ಅಂಚಿನ ಚೌಕದೊಳಗೆ ಇಂಥ 9 ಚಿತ್ರಗಳಿವೆ: ಜ್ವಾಲೆ ಎಂದರೆ ಬೆಂಕಿ ಹತ್ತುತ್ತದೆ, ತಲೆಬುರುಡೆ ಎಂದರೆ ತೀವ್ರ ವಿಷ, ಕೈ ಮತ್ತು ಲೋಹದ ಮೇಲೆ ದ್ರವ ಬೀಳುವ ಚಿತ್ರ ಎಂದರೆ ಸುಟ್ಟು ಕೊರೆಯುತ್ತದೆ.
• ಹರಿಯುವ ದಿಕ್ಕಿನ ಬಾಣ. ಬಿಸಿ ಅಥವಾ ಒತ್ತಡ ಹೆಚ್ಚಿದ್ದರೆ ಅದರ ಪ್ರಮಾಣ.

ವಾಲ್ವ್, ತಿರುವು, ಗೋಡೆಯ ಎರಡೂ ಬದಿ, ಟ್ಯಾಂಕರ್ ಜೋಡಿಸುವ ಬಾಯಿ, ಇಷ್ಟೂ ಕಡೆ ಲೇಬಲ್ ಕಾಣಬೇಕು.

ನೀವೇನು ಮಾಡಬಹುದು?

ಲೇಬಲ್ ಇಲ್ಲದ ಪೈಪನ್ನು ಅಪಾಯಕಾರಿ ಎಂದೇ ಭಾವಿಸಿ. ಸೂಪರ್‌ವೈಸರ್‌ನ್ನು ಕೇಳದೆ ವಾಲ್ವ್ ತಿರುಗಿಸಬೇಡಿ, ಪೈಪ್ ಬಿಚ್ಚಬೇಡಿ. ಮನೆಯಲ್ಲೂ ಬ್ಲೀಚ್ ಜೊತೆ ಆಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ. ಅಚಿಸನ್‌ನಲ್ಲಿ ಎದ್ದ ವಿಷಾನಿಲವೇ ಸಣ್ಣ ಪ್ರಮಾಣದಲ್ಲಿ ನಿಮ್ಮ ಬಚ್ಚಲಲ್ಲೂ ಏಳುತ್ತದೆ.

ಒಟ್ಟಿನಲ್ಲಿ: ಬಣ್ಣ ಸುಳಿವು ಮಾತ್ರ. ಹೆಸರು, ಅಪಾಯದ ಚಿಹ್ನೆ, ಬಾಣ ಮೂರನ್ನೂ ಓದಿದ ಮೇಲೆಯೇ ಪೈಪಿಗೆ ಕೈ ಹಾಕಿ.