ಲ್ಯಾಪ್‌ಟಾಪ್ ಡ್ರೈವರ್ ನವೀಕರಣ: ಯಾವಾಗ ಬೇಕು, ಯಾವಾಗ ಬೇಡ?

ಲ್ಯಾಪ್‌ಟಾಪ್‌ನ ಪರದೆ, ಧ್ವನಿ, ವೈ-ಫೈ, ಟಚ್‌ಪ್ಯಾಡ್ ಮೊದಲಾದ ಯಂತ್ರಭಾಗಗಳಿಗೂ ವಿಂಡೋಸ್‌ನಂತಹ ಕಾರ್ಯಾಚರಣೆ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೊಸ ಆವೃತ್ತಿಯ ಸೂಚನೆ ಕಂಡ ಕೂಡಲೇ ಅದನ್ನು ಅಳವಡಿಸಿಕೊಳ್ಳುವವರಿದ್ದಾರೆ. ವರ್ಷಗಟ್ಟಲೆ ಅತ್ತ ತಿರುಗಿಯೂ ನೋಡದವರೂ ಇದ್ದಾರೆ. ಎರಡೂ ಸರಿಯಲ್ಲ. ಸ್ಪಷ್ಟ ಕಾರಣವಿದ್ದಾಗ ಮಾತ್ರ ಡ್ರೈವರ್ ಬದಲಿಸುವುದು, ಕಾರಣ ಭದ್ರತೆಯದಾದರೆ ತಡಮಾಡದಿರುವುದು ಯುಕ್ತ ಕ್ರಮ.

ಇಷ್ಟೊಂದು ಎಚ್ಚರ ಏಕೆ?

ಸಾಮಾನ್ಯ ತಂತ್ರಾಂಶ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಆದರೆ ಬಹುಪಾಲು ಡ್ರೈವರ್‌ಗಳು ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ ಇಡೀ ಯಂತ್ರವೇ ನೀಲಿ ಪರದೆ ತೋರಿಸಿ ಸ್ಥಗಿತಗೊಳ್ಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ನವೀಕರಣದಿಂದ ವಿಶ್ವಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತ್ತು. ಬೆಂಗಳೂರು ಸೇರಿದಂತೆ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಪರದಾಡಿದರು. ಅದು ಯಂತ್ರಭಾಗದ ಡ್ರೈವರ್ ಅಲ್ಲದಿದ್ದರೂ ಅದೇ ಕರ್ನಲ್ ಮಟ್ಟದಲ್ಲಿ ಕೆಲಸ ಮಾಡುವ ತಂತ್ರಾಂಶವಾಗಿತ್ತು.

ಯಂತ್ರಭಾಗಕ್ಕೇ ಅಪಾಯ ತರುವ ಡ್ರೈವರ್‌ಗಳೂ ಬಂದದ್ದುಂಟು. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಬಿಡುಗಡೆ ಮಾಡಿದ 196.75 ಆವೃತ್ತಿಯ ಗ್ರಾಫಿಕ್ಸ್ ಡ್ರೈವರ್‌ನಿಂದ ಫ್ಯಾನ್ ಸರಿಯಾಗಿ ತಿರುಗದೆ ಗ್ರಾಫಿಕ್ಸ್ ಕಾರ್ಡ್‌ಗಳು ವಿಪರೀತ ಬಿಸಿಯಾಗುತ್ತಿವೆ ಎಂಬ ದೂರುಗಳು ಬಂದವು. ಸಂಸ್ಥೆ ಅದನ್ನು ಹಿಂದಕ್ಕೆ ಪಡೆಯಿತು. ಬಿಡುಗಡೆಯಾದ ದಿನವೇ ಆತುರಪಡದೆ ಒಂದೆರಡು ವಾರ ಕಾಯುವುದು ಲೇಸೆನ್ನಲು ಇದೇ ಕಾರಣ.

ನವೀಕರಿಸಬೇಕಾದ ಸಂದರ್ಭಗಳು

* ಭದ್ರತಾ ಲೋಪ: 2017ರ ಮೇ ತಿಂಗಳಲ್ಲಿ ಎಚ್‌ಪಿಯ ಕೆಲವು ಲ್ಯಾಪ್‌ಟಾಪ್‌ಗಳ ಧ್ವನಿ ಡ್ರೈವರ್, ಬಳಕೆದಾರರು ಒತ್ತಿದ ಕೀಲಿಗಳನ್ನೆಲ್ಲ ಕಡತವೊಂದರಲ್ಲಿ ದಾಖಲಿಸುತ್ತಿದ್ದುದು ಬೆಳಕಿಗೆ ಬಂತು. ಪಾಸ್‌ವರ್ಡ್‌ಗಳೂ ಅದರಲ್ಲಿ ಸೇರುವಂತಿತ್ತು. 2021ರ ಮೇ ತಿಂಗಳಲ್ಲಿ ಡೆಲ್ ಸಂಸ್ಥೆಯ ಡ್ರೈವರ್ ಒಂದರಲ್ಲಿ 2009ರಿಂದಲೂ ಇದ್ದ ಲೋಪ ಬಹಿರಂಗವಾಯಿತು. ನೂರಾರು ಮಾದರಿಗಳಿಗೆ ಪರಿಹಾರ ನೀಡಬೇಕಾಯಿತು. ಇಂತಹ ನವೀಕರಣಗಳನ್ನು ಮುಂದೂಡಬಾರದು.
* ಕಣ್ಣಿಗೆ ಕಾಣುವ ತೊಂದರೆ: ವೈ-ಫೈ ಪದೇ ಪದೇ ಕಡಿದುಹೋಗುವುದು, ನಿದ್ರಾಸ್ಥಿತಿಯಿಂದ ಯಂತ್ರ ಏಳದಿರುವುದು, ಧ್ವನಿ ಬಾರದಿರುವುದು. ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ ಆ ತೊಂದರೆಯ ಉಲ್ಲೇಖವಿದ್ದರೆ ನವೀಕರಣಕ್ಕೆ ಅರ್ಥವಿದೆ.
* ಕಾರ್ಯಾಚರಣೆ ವ್ಯವಸ್ಥೆಯ ಬದಲಾವಣೆ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಬದಲಾಗುವವರು ತಮ್ಮ ಮಾದರಿಗೆ ತಕ್ಕ ಡ್ರೈವರ್‌ಗಳು ಲಭ್ಯವಿವೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.
* ಹೊಸ ಸಾಧನ ಅಥವಾ ತಂತ್ರಾಂಶ: ಹೊಸ ಆಟಗಳು, ವಿಡಿಯೋ ಸಂಕಲನ ತಂತ್ರಾಂಶಗಳು ಕೆಲವೊಮ್ಮೆ ಗ್ರಾಫಿಕ್ಸ್ ಡ್ರೈವರ್‌ನ ಹೊಸ ಆವೃತ್ತಿಯನ್ನೇ ಬೇಡುತ್ತವೆ.

ಇವಾವುವೂ ಇಲ್ಲದೆ ಲ್ಯಾಪ್‌ಟಾಪ್ ಸುಸೂತ್ರವಾಗಿ ನಡೆಯುತ್ತಿದ್ದರೆ ಡ್ರೈವರ್‌ಗೆ ಕೈಹಾಕುವ ಅಗತ್ಯವಿಲ್ಲ.

ಹಳೆಯ ದಿನಾಂಕ ಕಂಡು ಗಾಬರಿ ಬೇಡ

ಡಿವೈಸ್ ಮ್ಯಾನೇಜರ್‌ನಲ್ಲಿ ಮೈಕ್ರೋಸಾಫ್ಟ್‌ನ ಹಲವು ಡ್ರೈವರ್‌ಗಳಿಗೆ 2006ರ ಜೂನ್ 21 ಎಂಬ ದಿನಾಂಕವಿರುತ್ತದೆ. ತಯಾರಕರ ಡ್ರೈವರ್ ಇದ್ದರೆ ಅದಕ್ಕೇ ಆದ್ಯತೆ ಸಿಗಲೆಂದು ಬೇಕೆಂದೇ ಇಟ್ಟ ದಿನಾಂಕವಿದು. ಇದೇ ಉದ್ದೇಶದಿಂದ ಇಂಟೆಲ್ ತನ್ನ ಚಿಪ್‌ಸೆಟ್ ಕಡತಗಳಿಗೆ 1968ರ ಜುಲೈ 18, ಅಂದರೆ ಸಂಸ್ಥೆ ಸ್ಥಾಪನೆಯಾದ ದಿನವನ್ನು ನಮೂದಿಸಿದೆ. ದಿನಾಂಕ ಹಳತಾದ ಮಾತ್ರಕ್ಕೆ ಡ್ರೈವರ್ ಹಳತೆಂದು ತಿಳಿಯಬೇಕಿಲ್ಲ.

ಎಲ್ಲಿಂದ ಪಡೆಯಬೇಕು?

ಮೊದಲ ಆಯ್ಕೆ ಲ್ಯಾಪ್‌ಟಾಪ್ ತಯಾರಕರ ತಾಣ ಮತ್ತು ವಿಂಡೋಸ್ ಅಪ್‌ಡೇಟ್. ತಯಾರಕರು ಆಯಾ ಮಾದರಿಗೆ ಹೊಂದುವಂತೆ ಡ್ರೈವರ್‌ಗಳನ್ನು ಮಾರ್ಪಡಿಸಿರುವುದುಂಟು. ಅಲ್ಲಿ ಸಿಗದಿದ್ದರೆ ಇಂಟೆಲ್, ಎಎಂಡಿ, ಎನ್‌ವಿಡಿಯಾದಂತಹ ಚಿಪ್ ತಯಾರಕರ ತಾಣ. ಎಲ್ಲ ಡ್ರೈವರ್‌ಗಳನ್ನೂ ಒಂದೇ ಏಟಿಗೆ ನವೀಕರಿಸುತ್ತೇವೆಂದು ಜಾಹೀರಾತು ನೀಡುವ ಅನ್ಯ ತಂತ್ರಾಂಶಗಳಿಂದ ದೂರವಿರುವುದು ಕ್ಷೇಮ. ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವರ್‌ಗಳು ಕಾರ್ಯಾಚರಣೆ ವ್ಯವಸ್ಥೆಯ ಜೊತೆಗೇ ನವೀಕರಣಗೊಳ್ಳುತ್ತವೆ. ಲಿನಕ್ಸ್‌ನಲ್ಲಿ ಹೆಚ್ಚಿನವು ಕರ್ನಲ್‌ನ ಜೊತೆ ಬರುತ್ತವೆ.

ಹಿಂದಿರುಗುವ ದಾರಿ ಇರಲಿ

ನವೀಕರಣಕ್ಕೆ ಮುನ್ನ ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟು, ಸಿಸ್ಟಂ ರಿಸ್ಟೋರ್ ಬಿಂದುವೊಂದನ್ನು ರಚಿಸಬೇಕು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸೌಲಭ್ಯ ತಾನಾಗಿ ಚಾಲನೆಯಲ್ಲಿರುವುದಿಲ್ಲ. ಒಮ್ಮೆಗೆ ಒಂದೇ ಡ್ರೈವರ್ ಬದಲಿಸಿದರೆ ತೊಂದರೆಯ ಮೂಲ ಸುಲಭವಾಗಿ ತಿಳಿಯುತ್ತದೆ. ಎಡವಟ್ಟಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್ ತೆರೆದು, ಡ್ರೈವರ್ ವಿಭಾಗದಲ್ಲಿರುವ 'ರೋಲ್ ಬ್ಯಾಕ್ ಡ್ರೈವರ್' ಒತ್ತಿದರೆ ಹಿಂದಿನ ಆವೃತ್ತಿ ಮರಳುತ್ತದೆ. ಪರದೆಯೇ ಕಾಣದಿದ್ದರೆ ಸೇಫ್ ಮೋಡ್‌ನಲ್ಲಿ ಯಂತ್ರವನ್ನು ಚಾಲನೆಗೊಳಿಸಿ ಇದೇ ಕ್ರಮ ಅನುಸರಿಸಬಹುದು.

ಬಯೋಸ್ ನವೀಕರಣ ಡ್ರೈವರ್‌ಗಿಂತ ಸೂಕ್ಷ್ಮ. ನಡುವೆ ವಿದ್ಯುತ್ ಹೋದರೆ ಲ್ಯಾಪ್‌ಟಾಪ್ ಮತ್ತೆ ಚಾಲನೆಗೊಳ್ಳದಿರುವ ಸಂಭವವಿದೆ. ಬ್ಯಾಟರಿ ತುಂಬಿಸಿ, ಚಾರ್ಜರ್ ಜೋಡಿಸಿಟ್ಟು, ಬಿಟ್‌ಲಾಕರ್ ಇದ್ದಲ್ಲಿ ಅದರ ರಿಕವರಿ ಕೀಲಿಯನ್ನು ಬೇರೆಡೆ ಬರೆದಿಟ್ಟುಕೊಂಡ ಬಳಿಕವೇ ಮುಂದುವರಿಯಬೇಕು. ಕೀಲಿ ಕಳೆದುಹೋದರೆ ಡಿಸ್ಕ್‌ನಲ್ಲಿರುವ ಕಡತಗಳನ್ನು ಮರಳಿ ಪಡೆಯುವುದು ಅಸಾಧ್ಯವಾದೀತು.