ಕುರಿಗಳು ಮೇದು ಬೆಳೆಸಿದ ಗುಡ್ಡಗಳು

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ, ಪಶ್ಚಿಮದ ವಿಂಚೆಸ್ಟರ್ ನಗರದಿಂದ ಪೂರ್ವದ ಈಸ್ಟ್‌ಬೋರ್ನ್ ಪಟ್ಟಣದ ಕಡಲತಡಿಯವರೆಗೆ ಹಬ್ಬಿರುವ ಸೀಮೆಸುಣ್ಣದ ಗುಡ್ಡಸಾಲಿಗೆ ಸೌತ್ ಡೌನ್ಸ್ ಎಂದು ಹೆಸರು. ಇಲ್ಲಿ ಡೌನ್ ಎಂದರೆ ತಗ್ಗಲ್ಲ, ಗುಡ್ಡ. ಪ್ರಾಚೀನ ಆಂಗ್ಲ ಭಾಷೆಯ ಶಬ್ದವೊಂದು ಈ ಹೆಸರಿನಲ್ಲಿ ಉಳಿದುಬಂದಿದೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬಾಳಿದ ಸೂಕ್ಷ್ಮಜೀವಿಗಳ ಚಿಪ್ಪುಗಳು ತಳದಲ್ಲಿ ಸಂಚಿತವಾಗಿ ಆದ ಶ್ವೇತಶಿಲೆಯ ಮೇಲೆ ತೆಳುವಾದ ಮಣ್ಣು, ಆ ಮಣ್ಣಿನ ಮೇಲೆ ಕತ್ತರಿಸಿಟ್ಟಂತಹ ಗಿಡ್ಡ ಹುಲ್ಲು. ಇದನ್ನು ಕಂಡವರು ಪ್ರಕೃತಿಯೊಂದರದೇ ಕೈಕೆಲಸವೆಂದು ಬಗೆಯುವುದು ಸಹಜ. ವಸ್ತುತಃ ನವಶಿಲಾಯುಗದ ಜನರು ಕಾಡು ಕಡಿದು ಮಂದೆಗಳನ್ನು ಮೇಯಿಸತೊಡಗಿದಂದಿನಿಂದ ಇದು ಕುರಿಯೂ ಕುರಿಗಾಹಿಯೂ ಕೂಡಿ ಬೆಳೆಸಿದ ಹುಲ್ಲುಗಾವಲು.

ಹಗಲೆಲ್ಲ ಗುಡ್ಡದಲ್ಲಿ ಮೇದ ಹಿಂಡನ್ನು ಇರುಳು ತಪ್ಪಲಿನ ಹೊಲಗಳಲ್ಲಿ ತರುಬುತ್ತಿದ್ದರು. ಗುಡ್ಡದ ಸಾರವು ಗೊಬ್ಬರವಾಗಿ ಹೊಲಕ್ಕಿಳಿದು ಗೋಧಿಯಾಗುತ್ತಿದ್ದಿತು. ಸಾರ ಕಳೆದುಕೊಂಡ ನೆಲದಲ್ಲಿ ಯಾವ ಒಂದು ಸಸ್ಯವೂ ಸೊಕ್ಕಿ ಬೆಳೆದು ಉಳಿದವನ್ನು ಅಡಗಿಸಲಾರದು. ಆದುದರಿಂದಲೇ ಒಂದು ಚದರ ಮೀಟರಿನೊಳಗೆ ನಲವತ್ತರಷ್ಟು ಬಗೆಯ ಸಸ್ಯಗಳು ಒತ್ತೊತ್ತಾಗಿ ಬಾಳುವುದನ್ನು ಇಲ್ಲಿ ಕಾಣಬಹುದು. ಮಳೆ ಬಿದ್ದೊಡನೆ ಇಂಗಿಹೋಗುವ ಸುಣ್ಣದ ನೆಲದಲ್ಲಿ ಹಿಂಡಿಗೆ ನೀರೆಲ್ಲಿಯದು? ಬೋಗುಣಿಯಂತೆ ತೋಡಿ, ಜೇಡಿಯನ್ನು ನೀರಿನೊಡನೆ ತುಳಿದು ಮೆತ್ತಿ ಕಟ್ಟಿದ ಪುಟ್ಟ ಕೊಳಗಳಲ್ಲಿ. ಇವಕ್ಕೆ ಇಬ್ಬನಿಯ ಕೊಳಗಳೆಂದು ಹೆಸರಿದ್ದರೂ ತುಂಬುವುದು ಬಹುಮಟ್ಟಿಗೆ ಮಳೆಯಿಂದಲೇ. ಪೈಕೂಮ್ ಗ್ರಾಮದ ಕಮ್ಮಾರರು ಕುರಿಗಾಹಿಯ ಕೋಲಿಗೆ ಬಡಿದುಕೊಡುತ್ತಿದ್ದ, ಓಡುವ ಕುರಿಯ ಹಿಂಗಾಲನ್ನು ನೋಯಿಸದೆ ಹಿಡಿಯುವ ಕಬ್ಬಿಣದ ಕೊಕ್ಕೆಯು ಸೀಮೆಗೆಲ್ಲ ಹೆಸರಾಗಿದ್ದಿತು. 18ನೆಯ ಶತಮಾನದ ಕೊನೆಯಲ್ಲಿ ಗ್ಲೈಂಡ್ ಗ್ರಾಮದ ಜಾನ್ ಎಲ್‌ಮನ್ ಎಂಬ ಕೃಷಿಕನು ಈ ಗುಡ್ಡಗಳ ಕುರಿಯನ್ನು ತಿದ್ದಿ ರೂಪಿಸಿದ ಸೌತ್‌ಡೌನ್ ತಳಿಯು ದೇಶಾಂತರಗಳಿಗೂ ಹೋಯಿತು.

ಎರಡನೆಯ ಮಹಾಯುದ್ಧದಲ್ಲಿ ಅನ್ನಕ್ಕಾಗಿ ನೇಗಿಲು ಗುಡ್ಡವನ್ನೇರಿತು. 1953ರಲ್ಲಿ ಬಂದ ರೋಗವೊಂದು ಮೊಲಗಳನ್ನೂ ಅಳಿಸಿತು. ಮೇಯುವ ಬಾಯಿಲ್ಲದ ಇಳಿಜಾರುಗಳನ್ನು ಮುಳ್ಳುಪೊದೆಗಳು ಆಕ್ರಮಿಸಿದವು. 1947ರಲ್ಲಿ ಹಾಬ್‌ಹೌಸ್ ಸಮಿತಿಯು ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿಸಬೇಕೆಂದು ಶಿಫಾರಸು ಮಾಡಿದ್ದರೂ, ಉತ್ತು ಬಿತ್ತಿ ಇದರ ಸ್ವರೂಪವೇ ಕೆಟ್ಟಿತೆಂಬ ಕಾರಣದಿಂದ 1956ರಲ್ಲಿ ಅದನ್ನು ಕೈಬಿಡಲಾಯಿತು. ಕಾಪಾಡಬೇಕಾದುದನ್ನು ಕೆಟ್ಟಿತೆಂದು ತೊರೆದ ಆ ನಿರ್ಣಯವು ನನಗೆ ಅನ್ಯಾಯವಾಗಿಯೇ ತೋರುತ್ತದೆ. ಉದ್ಯಾನವು ಅಸ್ತಿತ್ವಕ್ಕೆ ಬಂದುದು 2010ರ ಮಾರ್ಚ್ 31ರಂದು. ಈಗ ಪೊದೆಗಳನ್ನು ಸವರಿ, ಹುಲ್ಲನ್ನು ಉಳಿಸುವುದಕ್ಕೆಂದೇ ಮತ್ತೆ ಕುರಿಗಳನ್ನು ಬಿಡುತ್ತಿದ್ದಾರೆ.

ನಮ್ಮವರಿಗೂ ಈ ಮಣ್ಣಿನ ಋಣವುಂಟು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ಮಡಿದ 53 ಮಂದಿ ಹಿಂದೂ ಮತ್ತು ಸಿಖ್ ಯೋಧರ ದಹನವು ಪ್ಯಾಚಮ್ ಗ್ರಾಮದ ಮೇಲಣ ಗುಡ್ಡದಲ್ಲಿ ನಡೆಯಿತು. ಅಲ್ಲಿ ನಿಂತಿರುವ ಅಮೃತಶಿಲೆಯ ಛತ್ರಿಯು 1921ರಲ್ಲಿ ಅನಾವರಣಗೊಂಡಿತು. ಬ್ರೈಟನ್ನಿಗೆ ಹೋಗುವ ಕನ್ನಡಿಗರು ಅಲ್ಲಿಯವರೆಗೆ ನಡೆದು ಹೋಗಬೇಕು. ಛತ್ರಿಗೆ ಕೈಮುಗಿದ ಬಳಿಕ, ಒಂದು ಗಳಿಗೆ ಬಾಗಿ, ಕಾಲಕೆಳಗಿನ ಹುಲ್ಲನ್ನೂ ನೋಡಬೇಕು.