ಶಾಸನಗಳೂ ಆರಿದ್ರ ನಕ್ಷತ್ರವೂ

ಶಿಕಾರಿಪುರ, ಸೊರಬಗಳ ರೈತರಿಗೆ ಆರಿದ್ರವೆಂದರೆ ಮಳೆಯ ಹೆಸರು. ಜೂನ್ ತಿಂಗಳ ಮೂರನೆಯ ವಾರದ ಸುಮಾರಿಗೆ ಆ ಮಳೆ ಹುಟ್ಟುತ್ತದೆ. ಆದರೆ ಆಗ ನಕ್ಷತ್ರ ಮಾತ್ರ ಕಾಣದು. ಸೂರ್ಯನು ಅದರ ಸಮೀಪ ಬಂದಿರುವುದರಿಂದಲೇ ಮಳೆಗೆ ಆ ಹೆಸರು. ನಕ್ಷತ್ರವನ್ನು ನೋಡಬೇಕಾದರೆ ಕೊಯ್ಲು ಮುಗಿದು ಕಣ ಕಾಯುವ ಪುಷ್ಯಮಾಸದ ರಾತ್ರಿಯೇ ಆಗಬೇಕು. ಮಹಾವ್ಯಾಧನ ಭುಜದಲ್ಲಿ ಕೆಂಡದಂತೆ ಹೊಳೆಯುವ ತಾರೆಯೇ ಅದು.

ಈ ಕೆಂಪು ಮಹಾದೈತ್ಯನ ಬೆಳಕು ಸುಮಾರು 400 ದಿನಗಳಿಗೊಮ್ಮೆ ಏರಿಳಿಯುತ್ತದೆ. 1836ರಲ್ಲಿ ಜಾನ್ ಹರ್ಷೆಲನು ಈ ಏರಿಳಿತವನ್ನು ಗುರುತಿಸಿದನು. 2020ರ ಫೆಬ್ರವರಿಯಲ್ಲಂತೂ, ತಾನೇ ಹೊರಚೆಲ್ಲಿದ ಧೂಳು ಅಡ್ಡಬಂದು, ಆರಿದ್ರವು ರೋಹಿಣಿಗಿಂತಲೂ ಮಂಕಾಯಿತು. ಬರಿಗಣ್ಣಿಗೇ ತಿಳಿಯುವ ಇಂಥ ಬದಲಾವಣೆಯನ್ನು ಹಿಂದೆ ನಮ್ಮವರು ಎಲ್ಲಾದರೂ ಬರೆದಿಟ್ಟಿರಬಹುದೆ?

ಈ ಕುತೂಹಲದಿಂದ ನಾನು ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವಿ ಹಾಕಿದೆ. ಶಿಕಾರಿಪುರದ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಸೊರಬದವು 1904ರ ಎಂಟನೆಯದರಲ್ಲಿ. ಶಕವರ್ಷ, ಸಂವತ್ಸರ, ತಿಥಿ, ವಾರ, ಸಂಕ್ರಾಂತಿ, ಗ್ರಹಣ ಎಲ್ಲವೂ ಅಲ್ಲಿ ಉಂಟು. ಬಳ್ಳಿಗಾವೆಯ ಕೋಡಿಯ ಮಠವು ಸಾಂಗವೇದಾಧ್ಯಯನದ ನೆಲೆಯೆಂದು 1162ರ ಶಾಸನ ಸಾರುತ್ತದೆ. ವೇದದ ಆರು ಅಂಗಗಳಲ್ಲಿ ಜ್ಯೋತಿಷವೂ ಒಂದು. ಆದರೂ ತಾರೆಯೊಂದರ ಬೆಳಕು ಕುಂದಿತೆಂಬ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ.

1054ರಲ್ಲಿ ವೃಷಭರಾಶಿಯಲ್ಲಿ ತಾರೆಯೊಂದು ಸಿಡಿದು 23 ದಿನ ಹಗಲಿನಲ್ಲಿಯೇ ಕಂಡಿತು. ಚೀನೀಯರು ಅದನ್ನು ಬರೆದಿಟ್ಟರು. ಚಾಲುಕ್ಯ ಆಹವಮಲ್ಲನು ಆಳುತ್ತಿದ್ದ ಕಾಲವದು. ಬಳ್ಳಿಗಾವೆ ಆಗ ದೊಡ್ಡ ಪಟ್ಟಣ. ಅಲ್ಲಿನ ಶಾಸನಗಳಲ್ಲಿ ಅದರ ಸುಳಿವೂ ನನಗೆ ಸಿಕ್ಕಲಿಲ್ಲ. ಮಳೆಗಾಲದ ಮೋಡ ಮರೆಮಾಡಿತೆನ್ನೋಣವೆ? ರಾತ್ರಿಯ ಹೊತ್ತು ಅದು ಸುಮಾರು ಎರಡು ವರ್ಷ ಕಂಡಿತ್ತಲ್ಲ!

ಇದನ್ನು ಅಜ್ಞಾನವೆನ್ನಲು ನನಗೆ ಮನಸ್ಸಿಲ್ಲ. ದತ್ತಿ ಉಳಿಯಲಿ, ವೀರನ ಹೆಸರು ಅಳಿಯದಿರಲಿ ಎಂದು ನೆಟ್ಟ ಕಲ್ಲುಗಳವು. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂದು ಗ್ರಹಣವು ಕಲ್ಲನ್ನೇರಿತು. ತಾರೆ ಮಂಕಾದರೆ ಯಾರ ಗದ್ದೆಯ ಎಲ್ಲೆಯೂ ಕದಲದು. ಆಕಾಶವು ಅಲ್ಲಿ ಸಾಕ್ಷಿಯಾಗಿ ನಿಂತಿತು. ಅದರ ಸ್ವಂತ ಕಥೆಯನ್ನು ಯಾರೂ ಕೇಳಲಿಲ್ಲ.

ಆರಿದ್ರವೂ ಒಂದು ಲಕ್ಷ ವರ್ಷದೊಳಗೆ ಸಿಡಿಯಬಹುದೆಂದು ಖಗೋಳಜ್ಞರ ಎಣಿಕೆ. ಅಷ್ಟು ಕಾಲ ಕಾಯಬೇಕಾಗಿಲ್ಲ. ಅದು ರೋಹಿಣಿಗಿಂತ ಎಷ್ಟು ಹೊಳೆಯುತ್ತಿದೆಯೆಂದು ವಾರಕ್ಕೊಮ್ಮೆ ನೋಡಿ ಗುರುತುಹಾಕಲು ಶಾಲೆಯ ಹುಡುಗರಿಗೆ ಒಂದು ನೋಟುಬುಕ್ಕು ಸಾಕು.